ಹಳೆಯ ಗಣಕಯಂತ್ರಕ್ಕೆ ಹೊಸ ನೆನಪು

ಗಣಕಯಂತ್ರವೆಂಬುದು ಈಗ ನಮ್ಮ ಮಲೆನಾಡಿನ ಒಂಟಿಮನೆಗಳಲ್ಲಿಯೂ ಹೊಸ ಮಾತಲ್ಲ. ಆದರೆ ಈ ಯಂತ್ರವು ಕಾರ್ಖಾನೆ ಕಚೇರಿಗಳನ್ನು ದಾಟಿ ಗೃಹಸ್ಥರ ಮನೆಯೊಳಕ್ಕೆ ಮೊದಲು ಕಾಲಿಟ್ಟ ದಿನಗಳು ನಲವತ್ತು ವರ್ಷಗಳಿಗೂ ಹಿಂದಿನವು. ಅಂದಿನ ಯಂತ್ರಗಳು ಈಗ ಅಟ್ಟದ ಪೆಟ್ಟಿಗೆಗಳಲ್ಲಿ ಧೂಳು ತಿನ್ನುತ್ತಿರುವುವು. ಅಂಥ ಯಂತ್ರವೊಂದಕ್ಕೆ ಇಷ್ಟು ಕಾಲದ ಮೇಲೆ ಸ್ಮೃತಿಕೋಶವನ್ನು ಹೆಚ್ಚಿಸಬಹುದೇ, ಹೆಚ್ಚಿಸುವುದಾದರೆ ಏನನ್ನು ಕೊಳ್ಳಬೇಕು, ಹೇಗೆ ಕೂರಿಸಬೇಕು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇಂಗ್ಲೆಂಡಿನ ಸಿಂಕ್ಲೇರ್ ರಿಸರ್ಚ್ ಎಂಬ ಸಂಸ್ಥೆಯವರು ೧೯೮೨ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ 'ಝಡ್ ಎಕ್ಸ್ ಸ್ಪೆಕ್ಟ್ರಮ್' ಎಂಬ ಗೃಹಗಣಕವನ್ನು ಹೊರತಂದರು. ನೋಡುವುದಕ್ಕೆ ಒಂದು ಪಂಚಾಂಗದಷ್ಟು ಅಗಲ. ಮೇಲೆ ರಬ್ಬರಿನ ಕೀಲಿಗಳು. ಪರದೆಗೆ ಮನೆಯ ಟೆಲಿವಿಷನ್ನು. ಬರೆದುದನ್ನು ಉಳಿಸಿಕೊಳ್ಳುವುದಕ್ಕೆ ಹಾಡಿನ ಕ್ಯಾಸೆಟ್ಟು. ಇದರಲ್ಲಿ ಎರಡು ತರಗಳಿದ್ದುವು. ೧೬ ಕೆ. ಸ್ಮೃತಿಯುಳ್ಳುದಕ್ಕೆ ೧೨೫ ಪೌಂಡು, ೪೮ ಕೆ. ಸ್ಮೃತಿಯುಳ್ಳುದಕ್ಕೆ ೧೭೫ ಪೌಂಡು ಕ್ರಯ. ಕೈ ಬಿಗಿಯಾಗಿದ್ದವರು ಚಿಕ್ಕದನ್ನು ಕೊಂಡು, ಮುಂದೆ ಅನುಕೂಲವಾದಾಗ ಹೆಚ್ಚಿನ ಸ್ಮೃತಿಯನ್ನು ಕೂಡಿಸಿಕೊಳ್ಳೋಣವೆಂದುಕೊಂಡರು. ನಮ್ಮ ದೇಶದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬುವರು ೧೯೮೬ರಲ್ಲಿ ಪರವಾನಗಿ ಪಡೆದು ಇದರ ಮುಂದಿನ ತರವನ್ನು 'ಡಿ.ಬಿ. ಸ್ಪೆಕ್ಟ್ರಮ್ ಪ್ಲಸ್' ಎಂಬ ಹೆಸರಿನಿಂದ ಮಾರಿದರು. ಸರಕಾರದವರು ೧೯೮೪ರಲ್ಲಿ ಆರಂಭಿಸಿದ 'ಕ್ಲಾಸ್' ಯೋಜನೆಯ ಮೂಲಕ ಪ್ರೌಢಶಾಲೆಗಳಿಗೆ ಬಂದ ಯಂತ್ರವು ಬೇರೆ, ಅದು ಬಿ.ಬಿ.ಸಿ. ಮೈಕ್ರೋ.

ನಮ್ಮ ಮನೆಯಲ್ಲಿರುವುದು ೧೬ ಕೆ. ಸ್ಪೆಕ್ಟ್ರಮ್. ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದ ನಮ್ಮ ಅಣ್ಣನು ತಾನು ದೊಡ್ಡ ತರದ ಯಂತ್ರವನ್ನು ಕೊಂಡಾಗ ಚಿಕ್ಕದನ್ನು ೧೯೮೫ರಲ್ಲಿ ಹಿರೇಕೊಡಿಗೆಗೆ ತಂದಿಟ್ಟನು. ಆತನು ತೀರಿಹೋದ ತರುವಾಯ ಆತನ ಮಗಳು ಪೆಟ್ಟಿಗೆಯಲ್ಲಿ ಸಿಕ್ಕಿದ ಒಂದು ಕ್ಯಾಸೆಟ್ಟನ್ನು ನನಗೆ ಕಳುಹಿಸಿದಳು. ಅದರ ಮೇಲೆ ಅಣ್ಣನ ಕೈಬರೆಹದಲ್ಲಿ ಒಂದು ಮಗ್ಗುಲಿಗೆ 'ಕಾಗುಣಿತ', ಇನ್ನೊಂದಕ್ಕೆ 'ಒತ್ತಕ್ಷರ', ಮೂಲೆಯಲ್ಲಿ '೪೮ ಕೆ.' ಎಂದಿತ್ತು. ಪರದೇಶದಲ್ಲಿ ಬೆಳೆಯುತ್ತಿದ್ದ ಮಗಳಿಗೆ ಕನ್ನಡದ ಅಕ್ಷರಗಳನ್ನು ಕಲಿಸುವುದಕ್ಕಾಗಿ ಆತನೇ ಒಂದೊಂದು ಚುಕ್ಕಿಯನ್ನೂ ಎಣಿಸಿ ಬರೆದ ಪಾಠವದು. ಆತನ ದೊಡ್ಡ ಯಂತ್ರವು ಎಂದೋ ಕೈಬಿಟ್ಟುಹೋಗಿತ್ತು. "ಚಿಕ್ಕಪ್ಪಾ, ನನಗೆ ಮರೆತುಹೋಗಿದೆ, ನನ್ನ ಮಗನಿಗಾದರೂ ಅಪ್ಪನ ಅಕ್ಷರ ಕಾಣಬೇಕು, ನಿಮ್ಮಲ್ಲಿರುವ ಯಂತ್ರದಲ್ಲಿ ಆಗುತ್ತದೆಯೇ ನೋಡಿ" ಎಂದು ಅವಳು ಕೇಳಿಕೊಂಡಳು. ಕ್ಯಾಸೆಟ್ಟನ್ನು ಹಾಕಿ ನೋಡಲಾಗಿ ಯಂತ್ರವು 'ರ‍್ಯಾಮ್‌ಟಾಪ್ ನೋ ಗುಡ್' ಎಂದು ಒಂದು ಸಾಲನ್ನು ತೋರಿಸಿ ಸುಮ್ಮನಾಯಿತು. "ನೀನು ಹೇಳುವಷ್ಟು ಎತ್ತರದ ಅಟ್ಟವು ನನ್ನಲ್ಲಿಲ್ಲ" ಎಂಬುದೇ ಅದರ ಅಭಿಪ್ರಾಯ.

ಏಕಿಲ್ಲವೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಒಂದು ಅಕ್ಷರವನ್ನು ಉದ್ದಕ್ಕೆ ಹದಿನಾರು, ಅಡ್ಡಕ್ಕೆ ಹದಿನಾರು ಚುಕ್ಕಿಗಳ ಚೌಕದಲ್ಲಿ ಬರೆದರೆ ಅದಕ್ಕೆ ೩೨ ಬೈಟುಗಳು ಬೇಕು. ಕನ್ನಡದ ವ್ಯಂಜನಗಳು ೩೪. ಒಂದೊಂದಕ್ಕೂ ಕಾಗುಣಿತದ ರೂಪಗಳು ೧೫. ಒಟ್ಟು ೫೧೦ ರೂಪಗಳು. ಇವಕ್ಕೆಲ್ಲ ತಗಲುವುದು ೧೬,೩೨೦ ಬೈಟು. ಚಿಕ್ಕ ಸ್ಪೆಕ್ಟ್ರಮ್ಮಿನ ೧೬ ಕೆ. ಸ್ಮೃತಿಯಲ್ಲಿ ಪರದೆಯ ಚಿತ್ರವೇ ೬,೯೧೨ ಬೈಟುಗಳನ್ನು ನುಂಗುವುದು. ಯಂತ್ರದ ಸ್ವಂತ ವ್ಯವಹಾರವೂ ಕಳೆದಮೇಲೆ ನಮಗೆ ದಕ್ಕುವುದು ಸುಮಾರು ೯ ಕೆ. ಮಾತ್ರ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆ ಇದು ಧಾರಾಳವಾಯಿತು. ನಮ್ಮ ಕಾಗುಣಿತಕ್ಕೆ ಸಾಲದಾಯಿತು. ಪರದೆಯ ಅಗಲವು ೨೫೬ ಚುಕ್ಕಿ. ಹದಿನೈದು ರೂಪಗಳ ಒಂದು ಸಾಲಿಗೆ ಬೇಕಾದುದು ೨೪೦. ಅಣ್ಣನು ಹದಿನಾರರ ಚೌಕವನ್ನೇ ಆರಿಸಿದುದಕ್ಕೆ ಇದೇ ಕಾರಣವಿರಬೇಕೆಂದು ನನ್ನ ಊಹೆ.

ಈ 'ಕೆ.' ಎಂಬ ಅಳತೆಯು ಹಲವರಿಗೆ ತೊಡಕಾಗಿ ತೋರುವುದು. ಛಂದಸ್ಸನ್ನು ಓದಿದವರಿಗೆ ಮಾತ್ರ ಇದು ಹೊಸದಲ್ಲ. ಲಘು ಗುರು ಎಂಬ ಎರಡೇ ಭೇದಗಳಿಂದ ಇಷ್ಟು ಅಕ್ಷರಗಳ ಪಾದದಲ್ಲಿ ಎಷ್ಟು ವೃತ್ತಗಳು ಸಂಭವಿಸುವುವೆಂಬುದನ್ನು ಎಣಿಸುವ ಕ್ರಮಕ್ಕೆ ಪ್ರಸ್ತಾರವೆಂದು ಹೆಸರು. ಪಿಂಗಳಾಚಾರ್ಯರ ಛಂದಶ್ಶಾಸ್ತ್ರದಲ್ಲಿಯೇ ಇದು ಉಂಟು. ಒಂದು ಅಕ್ಷರ ಹೆಚ್ಚಿದರೆ ಸಂಖ್ಯೆಯು ಇಮ್ಮಡಿಯಾಗುವುದು. ಗಣಕವೂ ಇದೆ, ಇಲ್ಲ ಎಂಬ ಎರಡೇ ಭೇದಗಳಿಂದ ಬದುಕುವ ಯಂತ್ರವಾದುದರಿಂದ ಅದರ ಲೆಕ್ಕವೂ ಇದೇ. ಅನುಷ್ಟುಪ್ಪಿನ ಎಂಟಕ್ಷರದ ಪಾದಕ್ಕೆ ೨೫೬ ಭೇದಗಳು. ಎಂಟು ಬಿಟ್ಟುಗಳ ಒಂದು ಬೈಟಿಗೂ ೨೫೬. ವಸಂತತಿಲಕವು ಸೇರಿರುವ ಹದಿನಾಲ್ಕಕ್ಷರದ ಶಕ್ವರಿಗೆ ೧೬,೩೮೪. ಇದೇ ೧೬ ಕೆ. ಮಾಲಿನಿಯು ಸೇರಿರುವ ಹದಿನೈದಕ್ಷರದ ಅತಿಶಕ್ವರಿಗೆ ೩೨,೭೬೮; ಇದೇ ೩೨ ಕೆ. ಹದಿನಾರಕ್ಷರದ ಅಷ್ಟಿಗೆ ೬೫,೫೩೬. ಇದು ೬೪ ಕೆ. ಸ್ಪೆಕ್ಟ್ರಮ್ಮಿನ ಹೃದಯವಾದ ಝಡ್ ೮೦ ಎಂಬ ಐ.ಸಿ.ಗೆ ವಿಳಾಸದ ತಂತಿಗಳು ಹದಿನಾರೇ ಇರುವುದರಿಂದ ಅಷ್ಟಿಯನ್ನು ಮೀರಿ ಒಮ್ಮೆಗೆ ಒಂದು ಸ್ಥಾನವನ್ನೂ ಅದು ಕಾಣಲಾರದು. ಅದರಲ್ಲಿ ಮೊದಲ ೧೬ ಕೆ. ಅಳಿಸಲಾಗದ ಶಾಶ್ವತ ಸ್ಮೃತಿ. ಎರಡನೆಯ ೧೬ ಕೆ. ಕೊಂಡಾಗಲೇ ಇದ್ದುದು, ಮಿಕ್ಕ ೩೨ ಕೆ. ಮನೆ ಕಟ್ಟಿ ಬಾಗಿಲಿಟ್ಟು, ಒಳಗೆ ಯಾರೂ ವಾಸಕ್ಕಿಲ್ಲದ ಕೋಣೆ. ನಾವು ಮಾಡಬೇಕಾದುದು ಆ ಕೋಣೆಯನ್ನು ತುಂಬುವುದಷ್ಟೆ. (ಪೂರ್ಣಶ್ಲೋಕದ ೩೨ ಅಕ್ಷರಗಳಿಗೆ ಪ್ರಸ್ತಾರವನ್ನು ಮಾಡಿದರೆ ಬರುವುದು ೪೨೯ ಕೋಟಿಗೂ ಮಿಗಿಲು; ಈಗಿನ ಫೋನುಗಳ '೪ ಜಿ.ಬಿ.' ಎಂಬುದು ಅದೇ. ಅರ್ಧಶ್ಲೋಕದಿಂದ ಪೂರ್ಣಶ್ಲೋಕಕ್ಕೆ ಬರುವುದರೊಳಗೆ ಲೋಕವೇ ಬದಲಾಯಿತು!)

ಕೋಣೆಯನ್ನು ತುಂಬುವ ಸ್ಮೃತಿಯ ಐ.ಸಿ.ಗಳು ಎಂಟು. ಒಂದೊಂದು ಬೈಟಿನ ಎಂಟು ಬಿಟ್ಟುಗಳನ್ನೂ ಎಂಟು ಐ.ಸಿ.ಗಳು ಹಂಚಿಕೊಂಡು ಹಿಡಿದಿರುವುವು; ಎಂಟು ಮಂದಿ ವಟುಗಳು ಒಂದು ಪಾದದ ಒಂದೊಂದಕ್ಷರವನ್ನು ನೆನಪಿಟ್ಟುಕೊಂಡಂತೆ. ಒಬ್ಬನು ಮರೆತರೂ ಪಾದ ಕೆಟ್ಟಿತು. ಇನ್ನೂ ಒಂದು ವಿಶೇಷವುಂಟು. ಈ ಜಾತಿಯ ಸ್ಮೃತಿಯು ವಿದ್ಯುತ್ತಿನ ಕಣವನ್ನು ಹಿಡಿದುಕೊಳ್ಳುವುದು ಒಂದು ಸೆಕೆಂಡಿನ ಕೆಲವು ಸಾವಿರದ ಅಂಶಗಳಷ್ಟು ಕಾಲಕ್ಕೆ ಮಾತ್ರ. ಅಷ್ಟರೊಳಗೆ ಮತ್ತೆ ಓದಿ ಆವೃತ್ತಿ ಮಾಡದಿದ್ದರೆ ಸೋರಿಹೋಗುವುದು. ನಮ್ಮ ಶೃಂಗೇರಿಯ ಪಾಠಶಾಲೆಯಲ್ಲಿ ವೇದ ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಮೇಲಿನ ೩೨ ಕೆ.ಗೆ ಆವೃತ್ತಿಯನ್ನು ಝಡ್ ೮೦ ತಾನೇ ಬಿಡುವಿನಲ್ಲಿ ಮಾಡಿಕೊಳ್ಳುವುದು.

ಸಿಂಕ್ಲೇರಿನವರು ಈ ಎಂಟು ಸ್ಥಾನಗಳಲ್ಲಿ ಕೂರಿಸುತ್ತಿದ್ದುದು ಎಂಥವನ್ನು ಎಂಬುದು ಸ್ವಾರಸ್ಯವಾದ ಸಂಗತಿ. ೬೪ ಕೆ. ಬಿಟ್ಟುಗಳ ಐ.ಸಿ.ಗಳನ್ನು ತಯಾರಿಸುವಾಗ ಅನೇಕವು ಅರ್ಧಭಾಗ ಕೆಟ್ಟು ಹೊರಬರುತ್ತಿದ್ದುವು. ಅವನ್ನು ಎಸೆಯದೆ, ಯಾವ ಅರ್ಧವು ಸರಿಯೋ ಅದನ್ನು ಗುರುತುಮಾಡಿ, ೪೫೩೨ ಎಂಬ ಅಂಕಿಯನ್ನು ಒತ್ತಿ ಅಗ್ಗವಾಗಿ ಮಾರುತ್ತಿದ್ದರು. ಬೇಕಾದುದು ೩೨ ಕೆ. ಆದುದರಿಂದ ಅರ್ಧವೇ ಸಾಕಾಯಿತು! ಮೇಲಿನರ್ಧವೋ ಕೆಳಗಿನರ್ಧವೋ ಎಂಬುದನ್ನು ಬೋರ್ಡಿಗೆ ತಿಳಿಸುವುದಕ್ಕೆ ಒಂದು ಸಣ್ಣ ತಂತಿಯ ಕೊಂಡಿಯುಂಟು. ಹುಳುಕಿನ ಭಾಗವನ್ನು ಕೊಯ್ದು ಒಳ್ಳೆಯ ತೊಳೆಯನ್ನು ಉಣ್ಣುವ ನಮ್ಮ ಹಲಸಿನ ನ್ಯಾಯವೇ ಇದು. ಇದನ್ನು ಜಿಪುಣತನವೆನ್ನುವುದಕ್ಕೆ ನನಗೆ ಮನಸ್ಸು ಬಾರದು.

ಈಗ ಕೊಳ್ಳುವವರು ೪೫೩೨ಕ್ಕಾಗಿ ಅಲೆಯಬೇಕಾಗಿಲ್ಲ. ೪೧೬೪ ಎಂಬ ಪೂರ್ಣ ಐ.ಸಿ.ಯು ಅದೇ ಸ್ಥಾನದಲ್ಲಿ ಕುಳಿತುಕೊಳ್ಳುವುದು. ಆಗ ಕೊಂಡಿಯನ್ನು ಯಾವ ಕಡೆಗೆ ಹಾಕಿದರೂ ಆದೀತು, ಹಾಕದೆ ಬಿಡಕೂಡದು. ಅಂಕಿಯ ಮುಂದೆ ೧೫ ಎಂದೋ ೨೦ ಎಂದೋ ವೇಗದ ಗುರುತಿರುವುದು, ಎರಡೂ ಸಲ್ಲುವುವು. ಈ ಐ.ಸಿ.ಗಳ ತಯಾರಿಕೆ ನಿಂತು ಬಹುಕಾಲವಾದುದರಿಂದ ದೊರೆಯುವುವು ಹಳೆಯ ದಾಸ್ತಾನು, ಇಲ್ಲವೆ ಬೇರೆ ಬೋರ್ಡುಗಳಿಂದ ಕಿತ್ತವು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಎಂದರೆ ಎಲ್ಲರೂ ಎಸ್.ಪಿ. ರೋಡ್ ಎನ್ನುವ ಪೇಟೆಯಲ್ಲಿ ತಾಳ್ಮೆಯುಳ್ಳವರು ವಿಚಾರಿಸಿ ನೋಡಬಹುದು. ಅಂಚೆಯ ಮೂಲಕ ತರಿಸುವುದೂ ಉಂಟು. ಹಳೆಯ ಅಂಕಿಯನ್ನು ಉಜ್ಜಿ ಹೊಸ ಅಂಕಿಯನ್ನು ಮುದ್ರಿಸುವ ಕಪಟವು ಈ ವ್ಯಾಪಾರದಲ್ಲಿ ಬಹಳ. ಆದಕಾರಣ ಎಂಟು ಬೇಕಾದರೆ ಹತ್ತನ್ನು ಕೊಳ್ಳುವುದು ಜಾಣತನ. ನಾನು ಹತ್ತನ್ನೇ ತರಿಸಿದೆನು. ಪರೀಕ್ಷೆಯ ಉಪಕರಣದಲ್ಲಿಟ್ಟು ನೋಡಲಾಗಿ ಮೂರು ಸತ್ತಿದ್ದುವು. ಮಾರಿದವರು ಮಾರೋಲೆಯನ್ನೇ ಬರೆಯಲಿಲ್ಲ. ಇನ್ನೊಂದನ್ನು ಬೇರೆ ಕಡೆಯಿಂದ ತರಿಸುವುದರಲ್ಲಿ ಮಳೆಗಾಲ ಕಳೆಯಿತು.

ಸ್ಮೃತಿಯ ಎಂಟಲ್ಲದೆ ಇನ್ನೂ ನಾಲ್ಕು ಸಣ್ಣ ಐ.ಸಿ.ಗಳು ಬೇಕು: ೭೪ ಎಲ್.ಎಸ್. ೦೦ ಒಂದು, ೭೪ ಎಲ್.ಎಸ್. ೩೨ ಒಂದು, ೭೪ ಎಲ್.ಎಸ್. ೧೫೭ ಎರಡು. ಯಾವ ಸ್ಥಾನವು ಬೇಕೆಂಬುದನ್ನು ಸ್ಮೃತಿಗೆ ತಲುಪಿಸುವ ದ್ವಾರಪಾಲಕರು ಇವು. ಇವಿಲ್ಲದೆ ಎಂಟು ಕೂತರೂ ವ್ಯರ್ಥ. ಬೋರ್ಡಿನ ಎರಡನೆಯ ಮತ್ತು ಆಮೇಲಿನ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಈ ಹನ್ನೆರಡಕ್ಕೂ ಸಾಕೆಟ್ಟುಗಳು ಖಾಲಿಯಾಗಿ ಕಾದಿರುವುವು, ಬೆಸುಗೆಯ ಕೆಲಸವಿಲ್ಲ. ಮೊದಲನೆಯ ಆವೃತ್ತಿಯಾದರೆ ಬೇರೆಯೇ ಉಪಫಲಕವು ಬೇಕಾಗುವುದರಿಂದ ಗೃಹಸ್ಥರು ಕೈಹಾಕದಿರುವುದು ಲೇಸು.

ಎಲ್ಲಕ್ಕಿಂತ ಮೊದಲು ಮಾಡತಕ್ಕ ಕೆಲಸವು ಯಂತ್ರದ್ದಲ್ಲ, ಕ್ಯಾಸೆಟ್ಟಿನದು. ಮಲೆನಾಡಿನ ತೇವಕ್ಕೆ ಟೇಪಿನ ಮೇಲೆ ಬಿಳಿಯ ಬೂಸಲು ಹಿಡಿಯುವುದು. ಒಲೆಯ ಮೇಲಣ ಅಟ್ಟದಲ್ಲಿಟ್ಟರೆ ಹೊಗೆಯೂ ಕಾವೂ ಅದನ್ನು ಕೆಡಿಸುವುವು. ಅದನ್ನು ಒಮ್ಮೆ ಈಗಿನ ಗಣಕಕ್ಕೆ ಧ್ವನಿಯಾಗಿ ನಕಲು ಮಾಡಿಕೊಂಡುಬಿಡಬೇಕು. ಆ ಧ್ವನಿಯನ್ನು ಸ್ಪೆಕ್ಟ್ರಮ್ಮನ್ನು ಅನುಕರಿಸುವ ತಂತ್ರಾಂಶಕ್ಕೆ ಊಡಿದರೆ, ತಿರುಪನ್ನೇ ಬಿಚ್ಚದೆ ಪಾಠವನ್ನು ಕಾಣಬಹುದೆಂಬುದೂ ನಿಜವೇ. ಹಾಗಿದ್ದ ಮೇಲೆ ಇಷ್ಟು ಶ್ರಮವೇಕೆಂದು ಕೇಳುವವರುಂಟು. ಅಜ್ಜನ ತಾಳೆಗರಿಯ ಛಾಯಾಚಿತ್ರವಿದ್ದರೂ ಗರಿಯನ್ನು ಮುಟ್ಟಿ ನೋಡಬೇಕೆನಿಸುವುದಿಲ್ಲವೇ? ಆ ಹುಡುಗನು ಒತ್ತಬೇಕಾದುದು ತನ್ನ ಅಜ್ಜನು ಒತ್ತಿದ ಕೀಲಿಗಳನ್ನು.

ಕೂರಿಸುವ ಕೆಲಸಕ್ಕೆ ದೀಪಾವಳಿ ಕಳೆದ ಒಣ ದಿನಗಳೇ ಪ್ರಶಸ್ತ. ವಿದ್ಯುತ್ತಿನ ತಂತಿಯನ್ನು ಕಳಚಿ, ಅಡಿಯ ಐದು ತಿರುಪುಗಳನ್ನು ಬಿಚ್ಚಿ, ಮೇಲಿನ ಹೊದಿಕೆಯನ್ನು ಮೆಲ್ಲನೆ ಎತ್ತಬೇಕು. ಕೀಲಿಮಣೆಯಿಂದ ಬೋರ್ಡಿಗೆ ಇಳಿದಿರುವ ಎರಡು ಪಟ್ಟಿಗಳು ವಯಸ್ಸಾಗಿ ಹಪ್ಪಳದಂತಾಗಿರುವುದರಿಂದ, ಸೆಳೆದರೆ ಮುರಿದುವೆಂದೇ ತಿಳಿಯತಕ್ಕದ್ದು. ನೆಲಕ್ಕೆ ಕೂಡಿಸಿದ ಲೋಹವೊಂದನ್ನು ಮುಟ್ಟಿ ಮೈಯ ವಿದ್ಯುತ್ತನ್ನು ಕಳೆದುಕೊಂಡ ಮೇಲೆಯೇ ಐ.ಸಿ.ಯನ್ನು ಹಿಡಿಯಬೇಕು. ಐ.ಸಿ.ಯ ಒಂದು ತುದಿಯಲ್ಲಿರುವ ಕಚ್ಚು ಬೋರ್ಡಿನಲ್ಲಿ ಬರೆದ ಗುರುತಿಗೆ ಸರಿಹೊಂದಬೇಕು. ತಿರುಗುಮುರುಗಾದರೆ ಸ್ವಿಚ್ಚನ್ನು ಹಾಕಿದ ಕ್ಷಣವೇ ಅದರ ಕಥೆ ಮುಗಿಯಿತು. ಕಾಲುಗಳನ್ನು ಮೇಜಿನ ಮೇಲೆ ಒತ್ತಿ ನೇರ ಮಾಡಿ, ಎರಡು ಹೆಬ್ಬೆರಳುಗಳಿಂದಲೂ ಸಮನಾಗಿ ಅದುಮಬೇಕು. ಸ್ಪೆಕ್ಟ್ರಮ್ಮಿಗೆ ಬೇಕಾದ ೯ ವೋಲ್ಟಿನ ಅಡಾಪ್ಟರಿನಲ್ಲಿ ನಡುವಿನ ತುದಿಯು ಋಣ; ಅಂಗಡಿಯಲ್ಲಿ ದೊರೆಯುವ ಹೆಚ್ಚಿನವುಗಳಲ್ಲಿ ಅದು ಧನ. ಇದನ್ನು ನೋಡದೆ ಬೇರೆಯದನ್ನು ಚುಚ್ಚುವುದು ಅನಾಹುತಕ್ಕೆ ಹಾದಿ.

ಪರೀಕ್ಷೆಯು ಸುಲಭ. ಯಂತ್ರವು ಏಳುವಾಗ ತನ್ನ ಸ್ಮೃತಿಯನ್ನು ತಾನೇ ಕೆಳಗಿನಿಂದ ಮೇಲಕ್ಕೆ ಪರೀಕ್ಷಿಸುತ್ತ ಹೋಗಿ, ಎಲ್ಲಿ ತಪ್ಪು ಸಿಕ್ಕಿತೋ ಅಲ್ಲಿಗೆ ನಿಲ್ಲಿಸಿ, ಆ ಮೇರೆಯನ್ನು ಎರಡು ಸ್ಥಾನಗಳಲ್ಲಿ ಬರೆದಿಟ್ಟುಕೊಳ್ಳುವುದು. 'ಪ್ರಿಂಟ್ ಪೀಕ್ ೨೩೭೩೨ + ೨೫೬ * ಪೀಕ್ ೨೩೭೩೩' ಎಂಬ ಸಾಲನ್ನು ಒತ್ತಿದರೆ ಚಿಕ್ಕ ಯಂತ್ರದಲ್ಲಿ ೩೨೭೬೭ ಎಂದೂ, ಪೂರ್ಣಯಂತ್ರದಲ್ಲಿ ೬೫೫೩೫ ಎಂದೂ ಬರುವುದು. ಇವೆರಡರ ನಡುವಣ ಸಂಖ್ಯೆ ಬಂದರೆ ಯಾವನೋ ಒಬ್ಬ ವಟುವು ಪಾಠ ತಪ್ಪುತ್ತಿರುವನೆಂದರ್ಥ. ನಮ್ಮದರಲ್ಲಿ ಮೊದಲ ಸಲ ೩೨೭೬೭ ಬಂದಿತು. ಐ.ಸಿ.ಗಳನ್ನು ತೆಗೆದು, ಸಾಕೆಟ್ಟುಗಳ ಕಿಲುಬನ್ನು ಸ್ಪಿರಿಟ್ಟಿನಿಂದ ಒರೆಸಿ ಮತ್ತೆ ಕೂರಿಸಿದ ಮೇಲೆ ೬೫೫೩೫ ಬಂದಿತು. ಮಲೆನಾಡಿನಲ್ಲಿ ಐ.ಸಿ.ಗಿಂತ ಮೊದಲು ಸಾಕೆಟ್ಟನ್ನೇ ಸಂದೇಹಿಸಬೇಕು.

ಆ ಸಂಜೆ ಕ್ಯಾಸೆಟ್ಟಿನ ಮೊದಲ ಮಗ್ಗುಲನ್ನು ಹಾಕಿದೆವು. ಕಿವಿಗೆ ಜೀರುಂಡೆಯ ಸದ್ದಿನಂತಹ ಧ್ವನಿಯು ಕೆಲವು ನಿಮಿಷ ನಡೆದು ನಿಂತಿತು. ಕೆ ಎಂಬ ಕೀಲಿಯನ್ನು ಒತ್ತಲು 'ಕ'ಕಾರದ ಹದಿನೈದು ರೂಪಗಳು ಪರದೆಯ ಈ ತುದಿಯಿಂದ ಆ ತುದಿಗೆ ಒಂದೊಂದಾಗಿ ಮೂಡಿದುವು. 'ಕೃ' ಎಂಬುದರ ಸುಳಿಯು ಅಣ್ಣನ ಕೈಬರೆಹದ ಸುಳಿಯಂತೆಯೇ ಎಡಕ್ಕೆ ಸ್ವಲ್ಪ ವಾಲಿದೆ. ಮಗುವಿಗೆ ಯಂತ್ರವನ್ನು ತೋರಿಸುವುದಕ್ಕೆ ನಮ್ಮ ಹುಡುಗಿಯು ಬರುವ ಬೇಸಗೆಯಲ್ಲಿ ಊರಿಗೆ ಬರುವಳು. 'ಒತ್ತಕ್ಷರ'ದ ಮಗ್ಗುಲು ಮಾತ್ರ ಇನ್ನೂ ಓದಿಸಿಕೊಂಡಿಲ್ಲ. ಅರ್ಧದಲ್ಲಿ 'ಟೇಪ್ ಲೋಡಿಂಗ್ ಎರರ್' ಎಂದು ನಿಲ್ಲುತ್ತದೆ. ಟೇಪಿನ ಆ ಭಾಗದಲ್ಲಿ ಬೂಸಲಿನ ಕಲೆಯಿದೆ. ಧ್ವನಿಯ ನಕಲನ್ನು ಅವಳಿಗೂ ಕಳುಹಿಸಿರುವೆನು. ಇಲ್ಲಿ ಟೇಪ್‌ರೆಕಾರ್ಡರಿನ ಹೆಡ್ಡನ್ನು ಬದಲಿಸಿ ಮಾಘಮಾಸದಲ್ಲಿ ಇನ್ನೊಮ್ಮೆ ಪ್ರಯತ್ನಿಸಬೇಕು.