ಎಂಟು ನಿಮಿಷದ ಕಂಸಾಳೆ

ವಿಜಯದಶಮಿಯಂದು ಮೈಸೂರಿನ ಜಂಬೂ ಸವಾರಿ ನೋಡಲು ಬರುವವರು ಕಾಯುವುದು ಆನೆಗಾಗಿ. 750 ಕಿಲೋ ತೂಕದ ಅಂಬಾರಿ ಕಣ್ಣಿಗೆ ಬಿದ್ದೊಡನೆ ಕೈಗಳು ಜೋಡಿಸಿಕೊಳ್ಳುತ್ತವೆ, ಮೊಬೈಲುಗಳು ಮೇಲೇಳುತ್ತವೆ. ಅದಕ್ಕೆ ಮುನ್ನ ಸಯ್ಯಾಜಿರಾವ್ ರಸ್ತೆಯಲ್ಲಿ ಸಾಗಿಹೋಗುವ ನಂದಿಧ್ವಜ, ಡೊಳ್ಳು, ವೀರಗಾಸೆ, ಪೂಜಾ ಕುಣಿತ, ಪಟ ಕುಣಿತ, ಗೊರವರ ಕುಣಿತ, ಕಂಸಾಳೆಯ ತಂಡಗಳು ಬಹುಮಂದಿಯ ಪಾಲಿಗೆ ಬರಿಯ ಪೀಠಿಕೆ. ನಿವೃತ್ತನಾದ ಮೇಲೆ ನಾನು ಹೋಗುವುದು ಈ ಪೀಠಿಕೆಗಾಗಿಯೇ. ಅದಕ್ಕೆ ಹಳೆಯ ಋಣವೊಂದು ಕಾರಣ.

1990ರ ದಶಕದ ಕೊನೆಯಲ್ಲಿ, ಬೇರೊಂದು ಜಿಲ್ಲೆಯಲ್ಲಿ, ದಸರೆಯ ಮಾದರಿಯಲ್ಲೇ ನಡೆಯುತ್ತಿದ್ದ ಉತ್ಸವವೊಂದರ ಕಲಾತಂಡಗಳ ಹೊಣೆ ನನ್ನ ಪಾಲಿಗೆ ಬಂದಿತ್ತು. ತಂಡಗಳು ಇಪ್ಪತ್ತಕ್ಕಿಂತ ಹೆಚ್ಚು, ಇದ್ದ ಸಮಯ ಮೂರು ಗಂಟೆ. ಭಾಗಾಕಾರ ಮಾಡಿ ತಂಡವೊಂದಕ್ಕೆ ಎಂಟು ನಿಮಿಷವೆಂದು ಗೊತ್ತುಮಾಡಿದೆ. ಮುಗಿದೊಡನೆ ಬಾರಿಸಲು ವೇದಿಕೆಯ ಬದಿಯಲ್ಲಿ ಗಂಟೆಯನ್ನೂ ಇರಿಸಿಕೊಂಡೆ. ಮಲೆ ಮಹದೇಶ್ವರನ ಒಕ್ಕಲಿನ ಕಂಸಾಳೆ ತಂಡವೊಂದು ಬಂದಿತು. ಅದರ ಮುಂದಾಳು ಎಪ್ಪತ್ತರ ಆಸುಪಾಸಿನ ಹಿರಿಯರು. ಕಣ್ಣು ಮುಚ್ಚಿ ಹಾಡಲಾರಂಭಿಸಿದರು. ಎಂಟು ನಿಮಿಷವಾಯಿತು, ಗಂಟೆ ಹೊಡೆದೆ. ಅವರು ನಿಲ್ಲಿಸಿದರು. ಕೆಳಗಿಳಿಯುವಾಗ ನನ್ನ ಬಳಿ ಬಂದು, ‘ಸ್ವಾಮಿ, ಇನ್ನೂ ದೇವರನ್ನ ಕರೀತಾ ಇದ್ದೆ. ಅವನು ಬರೋಕೆ ಮುಂಚೆ ಗಂಟೆ ಹೊಡೆದುಬಿಟ್ರಿ’ ಎಂದರು. ದನಿಯಲ್ಲಿ ಕೋಪವಿರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ನಡೆಯಿತು. ಅವರು ತಮ್ಮೂರಿನಿಂದ ಟೆಂಪೊ ಮಾಡಿಕೊಂಡು ಬಂದಿದ್ದರು. ಪ್ರಯಾಣ ಭತ್ಯೆಗೆ ಬಸ್ಸಿನ ಟಿಕೇಟು ಲಗತ್ತಿಸಬೇಕೆಂಬುದು ನಿಯಮ. ಟಿಕೇಟು ಇರಲಿಲ್ಲವಾಗಿ ಇಡೀ ಸಂಭಾವನೆಯ ಕಡತವೇ ನಿಂತಿತು. ಅದರ ಮೇಲೆ ‘ಪರಿಶೀಲಿಸಿ ಮಂಡಿಸಿ’ ಎಂದು ಬರೆದು ಕೆಳಗೆ ಕಳುಹಿಸಿದವನು ನಾನೇ. ಹಣ ಅವರ ಕೈಸೇರಿದ್ದು ಐದು ತಿಂಗಳ ಬಳಿಕ. ಅಷ್ಟರಲ್ಲಿ ಅವರು ಕಚೇರಿಗೆ ಮೂರು ಸಲ ಬಂದುಹೋಗಿದ್ದರು. ಆ ಮೂರು ಓಡಾಟದ ಖರ್ಚನ್ನು ಯಾವ ನಿಯಮವೂ ತುಂಬಿಕೊಡಲಿಲ್ಲ.

ಈ ಪ್ರಸಂಗವನ್ನು ಅಧಿಕಾರಿಯೊಬ್ಬನ ಪಶ್ಚಾತ್ತಾಪವೆಂದಷ್ಟೇ ಓದಬೇಕಾಗಿಲ್ಲ. ಇದರ ಹಿಂದೆ ಒಂದು ಅರ್ಥಶಾಸ್ತ್ರವೂ ಇದೆ. ಅಮೆರಿಕದ ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು ಪ್ರದರ್ಶನ ಕಲೆಗಳ ಆರ್ಥಿಕ ಸಂಕಟವನ್ನು ಕುರಿತು 1966ರಲ್ಲಿ ಒಂದು ಪುಸ್ತಕ ಬರೆದರು. ಅವರ ವಾದ ಸರಳ. ಯಂತ್ರ ಬಂದ ಮೇಲೆ ನೇಕಾರನೊಬ್ಬ ಅದೇ ದಿನದಲ್ಲಿ ಹಲವು ಪಟ್ಟು ಬಟ್ಟೆ ನೇಯಬಲ್ಲ. ಆದರೆ ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ಇನ್ನೂರು ವರ್ಷದ ಹಿಂದೆಯೂ ನಾಲ್ವರೇ ಬೇಕಿತ್ತು, ಈಗಲೂ ನಾಲ್ವರೇ ಬೇಕು. ತಗಲುವ ಹೊತ್ತೂ ಅಷ್ಟೇ. ಉಳಿದ ಕಡೆ ಕೂಲಿ ಏರುತ್ತ ಹೋದಂತೆ ಕಲಾವಿದನ ಸಂಭಾವನೆಯೂ ಏರಬೇಕು, ಇಲ್ಲವಾದರೆ ಅವನು ಬೇರೆ ಕೆಲಸ ಹುಡುಕಿಕೊಳ್ಳುತ್ತಾನೆ. ಹೀಗಾಗಿ ಕಲೆ ವರ್ಷದಿಂದ ವರ್ಷಕ್ಕೆ ದುಬಾರಿಯಾಗುವುದು ಅನಿವಾರ್ಯ. ನಮ್ಮ ಕಂಸಾಳೆಗೆ ಈ ಮಾತು ಅಕ್ಷರಶಃ ಒಪ್ಪುತ್ತದೆ. ರಾತ್ರಿಯಿಡೀ ಹಾಡುವ ಮಾದೇಶ್ವರನ ಕಥೆಯನ್ನು ಯಾವ ಯಂತ್ರವೂ ಬೇಗ ಮುಗಿಸಿಕೊಡಲಾರದು.

ಆಗ ಉಳಿಯುವ ದಾರಿಗಳು ಎರಡು: ಹೆಚ್ಚು ಕೊಡುವುದು ಅಥವಾ ಕಲೆಯನ್ನು ಕತ್ತರಿಸುವುದು. ನಮ್ಮ ಉತ್ಸವಗಳು ಸದ್ದಿಲ್ಲದೆ ಎರಡನೆಯದನ್ನು ಆರಿಸಿಕೊಂಡಿವೆ. ಕಥೆ ಹೋಗಿ ಕಸರತ್ತು ಉಳಿದಿದೆ. ಬೀಸು ಕಂಸಾಳೆಯ ಬೀಸು ಕಾಣುತ್ತದೆ, ಹಾಡು ಧ್ವನಿವರ್ಧಕದಲ್ಲಿ ಮುಳುಗುತ್ತದೆ. ಒಬ್ಬರ ಮೇಲೊಬ್ಬರು ನಿಂತು ಡೊಳ್ಳು ಬಾರಿಸಿದರೆ ಚಪ್ಪಾಳೆ. ಬೀರದೇವರ ಕಥೆಯನ್ನು ಹೇಳುವ ಡೊಳ್ಳಿನ ಪದ ಯಾರಿಗೂ ಬೇಡ.

ಹಿಂದೆ ಎಲ್ಲವೂ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಊರು ಕೊಡುತ್ತಿದ್ದ ಕಾಳುಕಡ್ಡಿ, ಕಾಣಿಕೆಗಳ ಜೊತೆಗೆ ಜಾತಿಯ ಕಟ್ಟೂ ಇತ್ತು, ಬಿಟ್ಟಿಯ ಒತ್ತಾಯವೂ ಇತ್ತು. ಮೆರವಣಿಗೆ ಆ ಕಟ್ಟನ್ನು ಸ್ವಲ್ಪ ಸಡಿಲಿಸಿದೆ. ಊರ ಹೊರಗೇ ನಿಲ್ಲಬೇಕಾಗಿದ್ದ ಕಲಾವಿದ ಅರಮನೆಯ ಅಂಗಳದಲ್ಲಿ ನಿಂತಿದ್ದಾನೆ. ಡೊಳ್ಳು, ವೀರಗಾಸೆಗಳಲ್ಲಿ ಈಗ ಮಹಿಳೆಯರ ತಂಡಗಳಿವೆ. 2021ರಲ್ಲಿ ಜೋಗತಿ ಮಂಜಮ್ಮನವರಿಗೆ ಪದ್ಮಶ್ರೀ ಸಂದಾಗ ನಾಡು ಸಂತೋಷಪಟ್ಟಿತು. ಇವು ಸಣ್ಣ ಗಳಿಕೆಗಳಲ್ಲ.

ಆದರೆ ಗೌರವದಿಂದ ಮಾತ್ರ ಕಲೆ ಮುಂದಿನ ತಲೆಮಾರಿಗೆ ದಾಟುವುದಿಲ್ಲ. ಕರಾವಳಿಯ ಕಡೆ ನೋಡಿ. ಕಟೀಲು, ಮಂದಾರ್ತಿ ಮೇಳಗಳಿಂದ ಹರಕೆಯ ಆಟ ಆಡಿಸಬೇಕಾದರೆ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಕಾಯಬೇಕು. ಅಲ್ಲಿ ಕಲಾವಿದನಿಗೆ ತಿರುಗಾಟದ ಉದ್ದಕ್ಕೂ ಕೆಲಸವಿದೆ, ಕಥೆ ಕೇಳಬಲ್ಲ ಪ್ರೇಕ್ಷಕನಿದ್ದಾನೆ. ಒಳನಾಡಿನ ಕುಣಿತಗಳಿಗೆ ಅಂಥ ಬೇಡಿಕೆ ಕುಗ್ಗುತ್ತಿದೆ. ದಸರೆಯ ಒಂದು ದಿನದ ಸಂಭಾವನೆ ವರ್ಷದ ಉಳಿದ ದಿನಗಳ ಅನ್ನವಾಗದು.

ಏನು ಮಾಡಬಹುದು? ಮೊದಲನೆಯದು ತೀರ ಸುಲಭ. ತಂಡ ಊರಿಗೆ ಮರಳುವ ಮುನ್ನ ಸಂಭಾವನೆ ಬ್ಯಾಂಕ್ ಖಾತೆಗೆ ಜಮೆಯಾಗಬೇಕು. ತಂತ್ರಜ್ಞಾನ ಇಷ್ಟು ಮುಂದುವರಿದಿರುವಾಗ ವಿಳಂಬಕ್ಕೆ ನೆಪವಿಲ್ಲ. ಎರಡನೆಯದು, ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು 5 ಕಿಲೋಮೀಟರ್ ದಾರಿಯನ್ನು ವೇಷ ಹೊತ್ತು ಕುಣಿಯುತ್ತ ಸಾಗುವವರಿಗೆ ನೆರಳು, ನೀರು, ಬಟ್ಟೆ ಬದಲಿಸಲು ಮರೆಯಾದ ಜಾಗ. ಮೂರನೆಯದು ನನಗೆ ಮುಖ್ಯವಾದುದು: ನವರಾತ್ರಿಯ ಒಂಬತ್ತು ಇರುಳುಗಳಲ್ಲಿ ಇರುಳಿಗೊಂದು ಕಲೆ, ಗಂಟೆಯ ಹಂಗಿಲ್ಲದೆ, ಆರಂಭದಿಂದ ಅಂತ್ಯದವರೆಗೆ. ಸಾವಿರಾರು ಜನ ಸೇರಲಾರರು. ಇನ್ನೂರು ಜನ ಕುಳಿತು ಕೇಳಿದರೂ ಸಾಕು. ನಾಲ್ಕನೆಯದು, ಉತ್ಸವದ ವೆಚ್ಚದ ಒಂದು ಪಾಲು ಈ ಕಲೆಗಳು ಹುಟ್ಟಿದ ಊರುಗಳ ಜಾತ್ರೆಗೆ, ಮಕ್ಕಳಿಗೆ ಕಲಿಸುವ ಗುರುವಿಗೆ ಹೋಗಬೇಕು.

ಆಡಳಿತದಿಂದ ಇದಾಗದೆಂದು ಹೇಳುವವರಿಗೆ ನಮ್ಮ ಸೇವೆಯಲ್ಲೇ ಉತ್ತರವಿದೆ. ಐ.ಎ.ಎಸ್. ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು, ರಾಮನಗರದ ಬಳಿ ಜಾನಪದ ಲೋಕವನ್ನು ನಿಲ್ಲಿಸಿದರು. ಹಾಡುವವರ ಮುಂದೆ ಕುಳಿತು ಕೇಳುವ ವ್ಯವಧಾನ ಅವರಿಗಿತ್ತು.

ಕಳೆದ ಬಾರಿ ಸಯ್ಯಾಜಿರಾವ್ ರಸ್ತೆಯಲ್ಲಿ ಕಂಸಾಳೆಯ ತಂಡವೊಂದು ಮುಂದಿನವರು ಚಲಿಸಲೆಂದು ನಿಂತಿತ್ತು. ಹದಿನೈದರ ಹುಡುಗನೊಬ್ಬ ಪಾದ ಉಜ್ಜಿಕೊಳ್ಳುತ್ತಿದ್ದ. ಪೂರ್ತಿ ಕಥೆ ಬರುತ್ತದೆಯೇ ಎಂದು ಕೇಳಿದೆ. ‘ತಾತಂಗೆ ಬರುತ್ತೆ ಸಾರ್, ನಂಗೆ ಮೆರವಣಿಗೆಗೆ ಬೇಕಾದಷ್ಟು ಬರುತ್ತೆ’ ಎಂದ. ಅಷ್ಟರಲ್ಲಿ ಸೀಟಿ ಊದಿದರು. ಅವನು ಕಂಸಾಳೆ ಎತ್ತಿಕೊಂಡು ಓಡಿದ.