ಪಾಲಿಶ್ ಹೊಳಪು ನಂಬಿ ಸೀಲೆಂಟ್ ಹಚ್ಚಬೇಡಿ

ಕೊಯಮತ್ತೂರು: ಪಾಲಿಶ್ ಮುಗಿದ ಕಾರು ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಪಾಲಿಶ್‌ನ ಎಣ್ಣೆಯಂಶ ಸಣ್ಣ ಗೀರುಗಳಲ್ಲಿ ತುಂಬಿ ಅವನ್ನು ಮರೆಮಾಡಿರುತ್ತದೆ. ಅದರ ಮೇಲೆಯೇ ಸೀಲೆಂಟ್ ಹಚ್ಚಿದರೆ ಅದು ಬಣ್ಣಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ನಾಲ್ಕು ಸಲ ತೊಳೆದರೆ ಗೀರುಗಳು ಮತ್ತೆ ಕಾಣುತ್ತವೆ. ಕೊಟ್ಟ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ!

ಒರೆಸುವುದು ಹೇಗೆ?
ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಮೂರು-ನಾಲ್ಕು ಪಾಲು ಶುದ್ಧ ನೀರು ಬೆರೆಸಿ, ನೆರಳಿನಲ್ಲಿ, ತಣ್ಣಗಿರುವ ಬಾಡಿಯ ಮೇಲೆ ಸಿಂಪಡಿಸಿ ಮೈಕ್ರೋಫೈಬರ್ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು. ಹತ್ತಿರ ಬೆಂಕಿ ಇರಬಾರದು. ತಿರುಪ್ಪೂರಿನ ಬನಿಯನ್ ವೇಸ್ಟ್ ಯಂತ್ರ ಒರೆಸಲು ಸರಿ. ಅದರ ಹೊಲಿಗೆ, ಅಂಟಿದ ಧೂಳು ಪಾಲಿಶ್ ಮಾಡಿದ ಬಣ್ಣವನ್ನು ಗೀರುತ್ತವೆ. ಹೊಸದಾಗಿ ಪೇಂಟ್ ಮಾಡಿಸಿದ ಭಾಗವಾದರೆ ಮೊದಲು ಪೇಂಟರ್‌ನನ್ನು ಕೇಳಿ.

ನೋಡುವುದು ಹೇಗೆ?
ಟ್ಯೂಬ್‌ಲೈಟಿನಲ್ಲಿ ಗೀರು ಕಾಣುವುದು ಕಷ್ಟ. ಬಿಸಿಲಿನಲ್ಲಿ ನೋಡಿ, ಇಲ್ಲವೇ ಕತ್ತಲೆಯಲ್ಲಿ ಒಂದೇ ಟಾರ್ಚ್ ಓರೆಯಾಗಿ ಹಿಡಿಯಿರಿ. ಜೇಡರ ಬಲೆಯಂಥ ಸುತ್ತುಗೀರು ಕಂಡರೆ ಅಷ್ಟು ಜಾಗಕ್ಕೆ ಮತ್ತೆ ಪಾಲಿಶ್ ಮಾಡಿ, ಒರೆಸಿ, ನೋಡಬೇಕು. ಬಳಿಕವೇ ಸೀಲೆಂಟ್, ಅದೂ ತೆಳುವಾಗಿ.

ತಾಳವಾಡಿ ಕಡೆಯಿಂದ ದಿಂಬಂ ಘಟ್ಟದ 27 ತಿರುವು ಇಳಿದು ಬರುವವರು ಇನ್ನೊಮ್ಮೆ ಅಲೆಯುವ ಬದಲು, ಸೀಲೆಂಟ್‌ಗೆ ಮುನ್ನವೇ ಗಾಡಿ ತೋರಿಸುವಂತೆ ಕೇಳುವುದು ಒಳ್ಳೆಯದು.