ಕೈಗೆ ಬಂದ ಮುನ್ನಡೆ ಬಾಯಿಗೆ ಬಾರದೇಕೆ?

ಧಾರವಾಡದ ಸಪ್ತಾಪುರದಲ್ಲಿ ಸಂಜೆಯಾಯಿತೆಂದರೆ ಕೋಚಿಂಗ್ ಕ್ಲಾಸು ಬಿಟ್ಟ ಹುಡುಗರು ಚಹಾದಂಗಡಿಗಳ ಮುಂದೆ ಗುಂಪುಗೂಡುತ್ತಾರೆ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಹಗಲೆಲ್ಲ ಪ್ರಶ್ನೆಪತ್ರಿಕೆಗಳೊಂದಿಗೆ ಗುದ್ದಾಡಿದವರಿಗೆ ಅದೊಂದೇ ಬಿಡುವಿನ ವೇಳೆ. 2025ರ ಏಪ್ರಿಲ್ 12ರ ಶನಿವಾರವೂ ಹಾಗೆಯೇ ಸೇರಿದ್ದರು. ಅದು ಐಪಿಎಲ್ ಕ್ರಿಕೆಟ್ಟಿನ ಕಾಲ. ಆದರೂ ಒಂದು ಅಂಗಡಿಯಲ್ಲಿ ಬಿಸ್ಕೀಟಿನ ಬರಣಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಏಳೆಂಟು ಮಂದಿ ಫುಟ್‌ಬಾಲ್ ನೋಡುತ್ತಿದ್ದರು. ಕೋಲ್ಕತ್ತದ ಸಾಲ್ಟ್‌ಲೇಕ್ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಮೋಹನ್ ಬಾಗಾನ್ ನಡುವೆ ಇಂಡಿಯನ್ ಸೂಪರ್ ಲೀಗ್ ಫೈನಲ್.

ದ್ವಿತೀಯಾರ್ಧ ಆರಂಭವಾಗಿ ನಾಲ್ಕು ನಿಮಿಷವಾಗಿತ್ತಷ್ಟೆ. ಬಾಗಾನ್ ರಕ್ಷಣಾ ಆಟಗಾರ ಆಲ್ಬರ್ಟೊ ರಾಡ್ರಿಗಸ್ ಅವರ ಕಾಲಿಗೆ ತಗುಲಿದ ಚೆಂಡು ಅವರದೇ ಗೋಲಿನೊಳಗೆ ಹೋಯಿತು. ಬೆಂಗಳೂರಿಗೆ 1-0 ಮುನ್ನಡೆ! "ಕಪ್ ನಮ್ದs ಬಿಡೋ" ಎಂದು ಒಬ್ಬ ಕುಣಿದ. ಚಹಾ ಸೋಸುತ್ತಿದ್ದ ಅಂಗಡಿಯವರು ತಲೆ ಎತ್ತಲಿಲ್ಲ. "ತಮ್ಮಾ, ಇನ್ನಾ ನಲವತ್ತ ನಿಮಿಷ ಐತಿ. ಗೋವಾದಾಗಿನ ಮ್ಯಾಚಿಗೂ ನೀ ಹಿಂಗs ಕುಣದಿದ್ದಿ" ಎಂದರು.

ಅವರು ಹೇಳಿದಂತೆಯೇ ಆಯಿತು. 72ನೇ ನಿಮಿಷದಲ್ಲಿ ಪೆನಾಲ್ಟಿ ಪಡೆದ ಬಾಗಾನ್ ತಂಡಕ್ಕೆ ಜೇಸನ್ ಕಮಿಂಗ್ಸ್ ಸಮಬಲ ತಂದುಕೊಟ್ಟರು. ಹೆಚ್ಚುವರಿ ಅವಧಿಯ ಆರನೇ ನಿಮಿಷದಲ್ಲಿ ಜೇಮಿ ಮೆಕ್ಲಾರೆನ್ ಗೆಲುವಿನ ಗೋಲು ಹೊಡೆದರು. ಬೆಂಗಳೂರು 1-2ರಿಂದ ಸೋತಿತು. ಹುಡುಗರು ಚಹಾದ ಲೆಕ್ಕ ಚುಕ್ತಾ ಮಾಡಿ ಎದ್ದುಹೋದರು.

ಅಂಗಡಿಯವರ ನೆನಪು ಸುಳ್ಳಲ್ಲ. ಗೋವಾದ ಫತೋರ್ಡಾದಲ್ಲಿ 2023ರ ಮಾರ್ಚ್ 18ರಂದು ನಡೆದ ಫೈನಲ್‌ನಲ್ಲಿಯೂ ಇದೇ ಎರಡು ತಂಡಗಳಿದ್ದವು (ಆಗ ಎದುರಾಳಿಯ ಹೆಸರು ಎಟಿಕೆ ಮೋಹನ್ ಬಾಗಾನ್). 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಹೊಡೆದ ಗೋಲಿನಿಂದ ಬೆಂಗಳೂರು 2-1ರಿಂದ ಮುಂದಿತ್ತು. ಆ ಮುನ್ನಡೆಯ ಆಯುಷ್ಯ ಏಳೇ ನಿಮಿಷ. 85ನೇ ನಿಮಿಷದಲ್ಲಿ ಡಿಮಿಟ್ರಿ ಪೆಟ್ರಾಟೊಸ್ ಪೆನಾಲ್ಟಿಯಿಂದ ಸಮ ಮಾಡಿದರು. ಕೊನೆಗೆ ಶೂಟೌಟ್‌ನಲ್ಲಿ 4-3ರಿಂದ ಕಪ್ಪು ಕೋಲ್ಕತ್ತದ ಪಾಲಾಯಿತು.

ಇನ್ನೂ ಹಿಂದಕ್ಕೆ ಹೋದರೆ 2018ರ ಮಾರ್ಚ್ 17. ಯುಗಾದಿಯ ಮುನ್ನಾದಿನ, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಲೀಗ್ ಹಂತದಲ್ಲಿ ಎರಡನೇ ಸ್ಥಾನದ ತಂಡಕ್ಕಿಂತ ಎಂಟು ಅಂಕ ಮುಂದಿದ್ದ ಬೆಂಗಳೂರು ಫೈನಲ್‌ನಲ್ಲಿ ಅದೇ ಎರಡನೇ ಸ್ಥಾನದ ಚೆನ್ನೈಯಿನ್ ಎಫ್‌ಸಿಯನ್ನು ಎದುರಿಸಿತು. ಒಂಬತ್ತನೇ ನಿಮಿಷಕ್ಕೇ ಸುನಿಲ್ ಚೆಟ್ರಿ ಗೋಲು ಹೊಡೆದರು. ಆದರೆ 17 ಮತ್ತು 45ನೇ ನಿಮಿಷಗಳಲ್ಲಿ ಮೈಲ್ಸನ್ ಆಲ್ವೆಸ್ ಎರಡು ಬಾರಿ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿದರು. ಪಂದ್ಯ 3-2ರಿಂದ ಚೆನ್ನೈಗೆ ಹೋಯಿತು.

ಇವೆಲ್ಲಕ್ಕಿಂತ ಕಹಿಯಾದದ್ದು 2015ರ ಮೇ 31ರ ಪಂದ್ಯ. ಅದು ಐ-ಲೀಗ್‌ನ ಕೊನೆಯ ದಿನ. ಮತ್ತೆ ಕಂಠೀರವ, ಮತ್ತೆ ಮೋಹನ್ ಬಾಗಾನ್. ಗೆದ್ದರೆ ಪ್ರಶಸ್ತಿ ಬೆಂಗಳೂರಿಗೆ, ಡ್ರಾ ಆದರೂ ಸಾಕು, ಬಾಗಾನ್‌ಗೆ. 41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಹೊಡೆದ ಗೋಲನ್ನು ಬೆಂಗಳೂರು ಮುಕ್ಕಾಲು ಗಂಟೆ ಕಾಪಾಡಿಕೊಂಡಿತು. 87ನೇ ನಿಮಿಷದಲ್ಲಿ ಸೋನಿ ನಾರ್ಡೆ ಕಾರ್ನರ್ ಕಿಕ್ ತೆಗೆದರು. ಬೆಲ್ಲೊ ರಜಾಕ್ ಎಲ್ಲರಿಗಿಂತ ಎತ್ತರಕ್ಕೆ ಜಿಗಿದು ತಲೆಯಿಂದ ಹೊಡೆದರು. 1-1. ಮೂರು ನಿಮಿಷ ಕಳೆದಿದ್ದರೆ ತಮ್ಮದಾಗುತ್ತಿದ್ದ ಪ್ರಶಸ್ತಿ ಬೆಂಗಳೂರಿನ ಅಂಗಳದಿಂದಲೇ ಕೋಲ್ಕತ್ತದ ರೈಲು ಹತ್ತಿತು.

ಪತ್ರಿಕಾ ಕಚೇರಿಯಲ್ಲಿ ಕೂತವರಿಗೆ ಇಂಥ ಗೋಲುಗಳ ಬಿಸಿ ಇನ್ನೊಂದು ರೀತಿ ತಟ್ಟುತ್ತದೆ. ಪುಟ ಮುಗಿಸುವ ಹೊತ್ತು ಹತ್ತಿರವಾಗುತ್ತಿರುತ್ತದೆ, 'ಬೆಂಗಳೂರಿಗೆ ಕಿರೀಟ' ಎಂದು ತಲೆಬರಹ ಸಿದ್ಧವಾಗಿರುತ್ತದೆ, ಅಷ್ಟರಲ್ಲಿ ಎಲ್ಲ ಬುಡಮೇಲು! ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಉಪಸಂಪಾದಕರೊಬ್ಬರು ಕೊಟ್ಟ ಮೊದಲ ಬುದ್ಧಿಮಾತು, "ಸೀಟಿ ಊದೂತನ ಹೆಡ್ಡಿಂಗ್ ಬರೀಬ್ಯಾಡೋ ತಮ್ಮಾ" ಎಂಬುದಾಗಿತ್ತು.

ಕೊನೆಗಳಿಗೆಯ ಈ ಗೋಳು ಹೊಸದೂ ಅಲ್ಲ, ಬೆಂಗಳೂರು ಎಫ್‌ಸಿಯ ಸ್ವಂತ ಆಸ್ತಿಯೂ ಅಲ್ಲ. ಸ್ವತಂತ್ರ ಭಾರತ ಒಲಿಂಪಿಕ್ಸ್‌ನಲ್ಲಿ ಆಡಿದ ಮೊದಲ ಫುಟ್‌ಬಾಲ್ ಪಂದ್ಯ 1948ರ ಜುಲೈ 31ರಂದು ಲಂಡನ್ ಬಳಿಯ ಇಲ್ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ನಡೆಯಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿಯೂ 70ನೇ ನಿಮಿಷದಲ್ಲಿ ಭಾರತ 1-1 ಸಮಬಲ ಸಾಧಿಸಿತು. ಆ ಗೋಲು ಹೊಡೆದವರು ಮೈಸೂರು ಸಂಸ್ಥಾನದ ತಂಡಕ್ಕೆ ಆಡುತ್ತಿದ್ದ ಸಾರಂಗಪಾಣಿ ರಾಮನ್. 89ನೇ ನಿಮಿಷದಲ್ಲಿ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು ಗೆದ್ದಿತು. ಮುಂದೆ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅದೇ ಫ್ರಾನ್ಸ್ ಎದುರು ಪಿ.ಕೆ. ಬ್ಯಾನರ್ಜಿ ತಂದುಕೊಟ್ಟ ಮುನ್ನಡೆ ಕೊನೆಯ ಹತ್ತು ನಿಮಿಷಗಳಿಗೆ ಮುಂಚೆಯೋ ನಂತರವೋ ಎಂಬ ಹೊತ್ತಿನಲ್ಲಿ ಜಾರಿ ಪಂದ್ಯ ಸಮವಾಯಿತು. ಇತ್ತೀಚಿನ ವರ್ಷಗಳ ಪಟ್ಟಿಯೂ ಚಿಕ್ಕದಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಗುವಾಹಟಿಯಲ್ಲಿ ಒಮಾನ್ ವಿರುದ್ಧ 1-0 ಮುಂದಿದ್ದ ಭಾರತ 82 ಮತ್ತು 90ನೇ ನಿಮಿಷಗಳ ಗೋಲುಗಳಿಂದ ಸೋತಿತು. 2024ರ ಮಾರ್ಚ್‌ನಲ್ಲಿ ಅದೇ ಊರಿನಲ್ಲಿ ಅಫ್ಗಾನಿಸ್ತಾನ, ಜೂನ್‌ನಲ್ಲಿ ದೋಹಾದಲ್ಲಿ ಕತಾರ್: ಎರಡರಲ್ಲೂ ಮೊದಲು 1-0, ಕೊನೆಗೆ 1-2.

ಹಾಗಾದರೆ ಕಾರಣವೇನು? ಹಣೆಬರಹ ಎಂದುಬಿಡುವುದು ಸುಲಭ. ಆದರೆ ಅದರ ಹಿಂದೆ ಅರ್ಥವಾಗುವಂಥ ಸಂಗತಿಗಳಿವೆ.

ಮೊದಲನೆಯದು ದೇಹದ ಮಾತು. ಒಬ್ಬ ಆಟಗಾರ ಒಂದು ಪಂದ್ಯದಲ್ಲಿ ಹತ್ತು ಕಿಲೋಮೀಟರಿನಷ್ಟು ಓಡುತ್ತಾನೆ. ಹುಬ್ಬಳ್ಳಿಯಿಂದ ಧಾರವಾಡದ ಅರ್ಧ ದಾರಿ ಎನ್ನಿ. ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಇಂಧನ ಆಟ ಮುಗಿಯುವ ಹೊತ್ತಿಗೆ ತಳ ಕಾಣುತ್ತದೆ. ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಂಥ ದೊಡ್ಡ ಆಟಗಾರನಾದರೂ ಕೊನೆಯ ಹದಿನೈದು ನಿಮಿಷಗಳಲ್ಲಿ ಅವನ ವೇಗದ ಓಟ ಕಡಿಮೆಯಾಗುತ್ತದೆ. ದಣಿವು ಎರಡೂ ತಂಡಗಳಿಗೆ ಇರುವುದಲ್ಲವೇ ಎಂದು ಕೇಳಬಹುದು. ನಿಜ. ಆದರೆ ಚೆಂಡನ್ನು ಅಟ್ಟಿಕೊಂಡು ಹೋಗುವವನಿಗೆ ತಾನು ಎತ್ತ ಹೋಗಬೇಕೆಂಬುದು ಗೊತ್ತಿರುತ್ತದೆ. ಕಾಯುವವನು ಅದನ್ನು ಊಹಿಸಿ ಹಿಂಬಾಲಿಸಬೇಕು. ದಣಿದಾಗ ಮೊದಲು ತಪ್ಪುವುದು ಆ ಊಹೆ. ಜಗತ್ತಿನ ಎಲ್ಲ ಲೀಗ್‌ಗಳಲ್ಲೂ ಪ್ರಥಮಾರ್ಧಕ್ಕಿಂತ ದ್ವಿತೀಯಾರ್ಧದಲ್ಲೇ ಗೋಲು ಹೆಚ್ಚು. ಇಲ್ಲೊಂದು ಲೆಕ್ಕದ ಸಣ್ಣ ಮೋಸವೂ ಇದೆ ಎನ್ನಿ. ರೆಫರಿ ಸೇರಿಸುವ ನಿಮಿಷಗಳ ಗೋಲುಗಳೂ 'ಕೊನೆಯ ಕಾಲು ಗಂಟೆ'ಯ ಖಾತೆಗೇ ಜಮೆಯಾಗುವುದರಿಂದ ಆ ಕಾಲು ಗಂಟೆ ನಿಜವಾಗಿ ಇಪ್ಪತ್ತು ನಿಮಿಷದ್ದಾಗಿರುತ್ತದೆ. 2022ರ ಕತಾರ್ ವಿಶ್ವಕಪ್‌ನಲ್ಲಿ ಇಂಗ್ಲೆಂಡ್-ಇರಾನ್ ಪಂದ್ಯಕ್ಕೆ ಎರಡೂ ಅವಧಿ ಸೇರಿ ಹೀಗೆ ಕೂಡಿಸಿದ ಹೊತ್ತು ಸುಮಾರು 27 ನಿಮಿಷ!

ಎರಡನೆಯದು ಮನಸ್ಸಿನ ಮಾತು. ನೂರು ರೂಪಾಯಿ ಸಿಕ್ಕಿದ ಸಂತೋಷಕ್ಕಿಂತ ಜೇಬಿನಲ್ಲಿದ್ದ ನೂರು ರೂಪಾಯಿ ಬಿದ್ದುಹೋದ ಸಂಕಟ ದೊಡ್ಡದು. ಇದು ಸಂತೆಗೆ ಹೋಗಿಬಂದ ಎಲ್ಲರಿಗೂ ಗೊತ್ತಿರುವ ವಿಷಯ. ಡೇನಿಯಲ್ ಕಾನೆಮನ್ ಮತ್ತು ಆಮೊಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಮಂಡಿಸಿದರು. ಗೋಲು ಸಿಗುವವರೆಗೆ ತಂಡದ ಬಳಿ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಸಿಕ್ಕ ಮರುಕ್ಷಣದಿಂದ ಅದು ಗಂಟು ಕಾಯುವ ಪ್ರಯಾಣಿಕನಂತಾಗುತ್ತದೆ. ತರಬೇತುದಾರ ಹೇಳಲಿ ಬಿಡಲಿ, ಆಟಗಾರರ ಕಾಲು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಹಾಗೆ ಹನ್ನೊಂದು ಮಂದಿ ತಮ್ಮ ಗೋಲಿನ ಮುಂದೆ ಗುಂಪಾದರೆ ಚೆಂಡು ಎದುರಾಳಿಯ ವಶವಾಗುತ್ತದೆ.

ಕಬಡ್ಡಿಯಲ್ಲಾದರೆ ಮುನ್ನಡೆ ಕಾಯುವುದಕ್ಕೊಂದು ಉಪಾಯವಿದೆ. ಮುಂದಿರುವ ತಂಡದ ದಾಳಿಗಾರ ಗೆರೆಯ ಆಸುಪಾಸಿನಲ್ಲೇ ಸುಳಿದಾಡಿ, ಮೂವತ್ತು ಸೆಕೆಂಡು ನುಂಗಿ ವಾಪಸಾಗುತ್ತಾನೆ. ಅದೂ ಅತಿಯಾಗಬಾರದೆಂದೇ ಪ್ರೊ ಕಬಡ್ಡಿಯಲ್ಲಿ ಎರಡು ಬರಿಗೈ ದಾಳಿಗಳ ನಂತರದ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವೇ ಔಟ್. ಫುಟ್‌ಬಾಲ್‌ನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಹೊತ್ತು ಕಳೆಯುವ ಹಕ್ಕು ಗೋಲ್‌ಕೀಪರ್‌ಗೆ ಮಾತ್ರ. ಈಗ ಅದಕ್ಕೂ ಕತ್ತರಿ ಬಿದ್ದಿದೆ. 2025ರಲ್ಲಿ ಬಂದ ನಿಯಮದಂತೆ ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದರೆ ಎದುರಾಳಿಗೆ ಕಾರ್ನರ್ ಕಿಕ್.

ಕಾರ್ನರ್ ಎಂದಾಗ ಹೇಳಲೇಬೇಕಾದ ಮಾತೊಂದಿದೆ. ಮೇಲೆ ಹೇಳಿದ ನಾಲ್ಕೂ ಪಂದ್ಯಗಳಲ್ಲಿ ಬೆಂಗಳೂರಿನ ಮುನ್ನಡೆಯನ್ನು ಅಳಿಸಿದ ಗೋಲುಗಳನ್ನು ಒಟ್ಟಿಗಿಟ್ಟು ನೋಡಿ. 2015ರಲ್ಲಿ ಕಾರ್ನರ್. 2018ರಲ್ಲಿ ಕಾರ್ನರ್. 2023ರಲ್ಲಿ ಪೆನಾಲ್ಟಿ. 2025ರಲ್ಲಿ ಪೆನಾಲ್ಟಿ. ಆಟ ಸಾಗುತ್ತಿದ್ದಾಗ ಹುಟ್ಟಿದ ಗೋಲು ಇವುಗಳಲ್ಲಿ ಒಂದೂ ಇಲ್ಲ, ಎಲ್ಲವೂ ನಿಂತ ಚೆಂಡಿನಿಂದ ಬಂದಂಥವು! ನೂರು ಕಾರ್ನರ್‌ಗಳಲ್ಲಿ ಗೋಲಾಗುವುದು ಮೂರೋ ನಾಲ್ಕೋ. ಆದ್ದರಿಂದ ಒಂದು ಕಾರ್ನರ್ ಬಿಟ್ಟುಕೊಟ್ಟರೆ ದೊಡ್ಡ ಅಪಾಯವಿಲ್ಲ. ಆದರೆ ಹಿಂದೆ ಸರಿದ ತಂಡ ಒಂದಕ್ಕೆ ನಿಲ್ಲಿಸುವುದಿಲ್ಲ. ಬಂದ ಚೆಂಡನ್ನೆಲ್ಲ ಹೊರಗಟ್ಟುತ್ತ ಒಂದರ ಮೇಲೊಂದು ಕೊಡುತ್ತ ಹೋಗುತ್ತದೆ. ಇನ್ನು ಪೆನಾಲ್ಟಿಯಾದರೆ ನಾಲ್ಕರಲ್ಲಿ ಮೂರು ಗೋಲಾಗುತ್ತವೆ. ಪೆನಾಲ್ಟಿ ಆವರಣದಲ್ಲಿ ಹತ್ತಾರು ಕಾಲುಗಳು, ಕೈಗಳು ತುಂಬಿಕೊಂಡಷ್ಟೂ ಚೆಂಡು ಯಾರದೋ ಕೈಗೆ ತಾಗುವ, ಯಾರೋ ಯಾರನ್ನೋ ಬೀಳಿಸುವ ಸಂಭವ ಹೆಚ್ಚು. ಸಾಲ್ಟ್‌ಲೇಕ್‌ನಲ್ಲಿ ಚಿಂಗ್ಲೆನ್‌ಸನಾ ಸಿಂಗ್ ಅವರ ಕೈಗೆ ಚೆಂಡು ತಗುಲಿದ್ದಕ್ಕೇ ಪೆನಾಲ್ಟಿ ಸಿಕ್ಕಿದ್ದು. ಅವರೊಬ್ಬರನ್ನೇ ಬೈದು ಪ್ರಯೋಜನವಿಲ್ಲ. ಚೆಂಡು ಅಷ್ಟು ಹೊತ್ತು ಅಲ್ಲೇ ಇತ್ತೇಕೆ ಎಂದು ಕೇಳಬೇಕು. ಕೊನೆಗಳಿಗೆಯ ಗೋಲಿನ ತಪ್ಪು ಬಹಳ ಸಲ ಅದಕ್ಕೂ ಇಪ್ಪತ್ತು ನಿಮಿಷ ಮೊದಲೇ, ಮೈದಾನದ ನಡುವೆ ಆಗಿರುತ್ತದೆ ಎಂಬುದು ನನ್ನ ಅನಿಸಿಕೆ.

ಇಷ್ಟಾದರೂ 'ಇದು ಬೆಂಗಳೂರಿನ ಚಟ' ಎಂದು ತೀರ್ಪು ಕೊಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ. 2013ರಲ್ಲಿ ಹುಟ್ಟಿ ಮೊದಲ ಯತ್ನದಲ್ಲೇ ಐ-ಲೀಗ್ ಗೆದ್ದ ಕ್ಲಬ್ಬು ಇದು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಸೂಪರ್ ಲೀಗ್ ಕಪ್ಪು ಗೆದ್ದದ್ದು 117ನೇ ನಿಮಿಷದಲ್ಲಿ, ಅದೂ ಕಾರ್ನರ್‌ಗೆ ರಾಹುಲ್ ಭೆಕೆ ತಲೆಕೊಟ್ಟು! ಆ ರಾತ್ರಿ ಅಳುವ ಸರದಿ ಗೋವಾದವರದಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇದೇ ಸಾಲ್ಟ್‌ಲೇಕ್‌ನಲ್ಲಿ ಮುಂಬೈ ವಿರುದ್ಧ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ 61ನೇ ನಿಮಿಷಕ್ಕೆ ಸಿಕ್ಕ 2-1 ಮುನ್ನಡೆಯನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ರಾಜ್ಯ ತಂಡವನ್ನು ನೋಡಿದರೆ, ಫತೋರ್ಡಾದ ಸೋಲಿಗೆ ಬರೋಬ್ಬರಿ ಎರಡು ವಾರ ಮುಂಚೆ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಮಣಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ವಿರಾಮಕ್ಕೆ 3-1 ಇದ್ದದ್ದು ದ್ವಿತೀಯಾರ್ಧದಲ್ಲಿ 3-2 ಆದರೂ ಹುಡುಗರು ಕಂಗೆಡಲಿಲ್ಲ. ಆ ಪಂದ್ಯವನ್ನು ಯಾವ ಚಹಾದಂಗಡಿಯಲ್ಲೂ ಯಾರೂ ನೆನೆಯುವುದನ್ನು ನಾನು ಕೇಳಿಲ್ಲ. ಉಳಿಸಿಕೊಂಡ ಮುನ್ನಡೆಗಳಿಗೆ ಕಥೆಯಿಲ್ಲ, ಅಷ್ಟೆ.

ಸಪ್ತಾಪುರದಿಂದ ಕರ್ನಾಟಕ ಕಾಲೇಜಿನ ಮೈದಾನ ಹತ್ತಿರ. ಮೊನ್ನೆ ಸಂಜೆ ಅತ್ತ ಹೋಗಿದ್ದಾಗ ಹುಡುಗರ ಎರಡು ಗುಂಪು ಫುಟ್‌ಬಾಲ್ ಆಡುತ್ತಿದ್ದವು. ಗಡಿಯಾರವಿಲ್ಲ, ರೆಫರಿಯಿಲ್ಲ, ಗೋಲಿಗೆ ಎರಡು ಜೊತೆ ಚಪ್ಪಲಿ. ಒಂದು ತಂಡ 6-2ರಿಂದ ಮುಂದಿತ್ತು. ಕತ್ತಲಾಗುತ್ತ ಬಂತು, ಚೆಂಡು ಸರಿಯಾಗಿ ಕಾಣದಾಯಿತು. ಆಗ ಸೋಲುತ್ತಿದ್ದ ಕಡೆಯವನೊಬ್ಬ ಕೂಗಿದ, "ಲೇ, ಲಾಸ್ಟ್ ಗೋಲು! ಹೊಡದವ್ರು ಗೆದ್ದಂಗ!" ಮುಂದಿದ್ದವರು ಒಂದಿಷ್ಟು ಹೊತ್ತು ಜಗಳ ಕಾಯ್ದರು, ಆಮೇಲೆ ಒಪ್ಪಿಕೊಂಡರು.